ತಪ್ಪಿಗೂ ಒಂದು ಕಾಲಂ

ಬ್ಯಾಂಕಿನ ಲೆಡ್ಜರಿನಲ್ಲಿ ಜಮಾ ಎಂಬ ಕಾಲಂ ಇತ್ತು, ಖರ್ಚು ಎಂಬ ಕಾಲಂ ಇತ್ತು, ಬಾಕಿ ಎಂಬ ಕಾಲಂ ಇತ್ತು. ಮೂವತ್ತೈದು ವರ್ಷ ಈ ಮೂರರ ನಡುವೆಯೇ ನನ್ನ ಹೊಟ್ಟೆಪಾಡು ನಡೆಯಿತು. ಆದರೆ ‘ತಪ್ಪು’ ಎಂಬ ಕಾಲಂ ಯಾವ ಪುಸ್ತಕದಲ್ಲೂ ಇರಲಿಲ್ಲ. ತಪ್ಪಾದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಅಧಿಕಾರಿಯ ಸಣ್ಣ ಸಹಿ ಹಾಕಿಸಿಕೊಂಡು, ಆದಷ್ಟು ಬೇಗ ಪುಟ ಮಗುಚಿ ಬಿಡುತ್ತಿದ್ದೆವು.

ಹೀಗಿದ್ದವನು ಕೆಲವು ವರ್ಷಗಳ ಹಿಂದೆ ಅಮೆರಿಕದಲ್ಲಿ, ಡೆಟ್ರಾಯಿಟ್ ನಗರದ ಪಕ್ಕದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಒಂದು ಸಂಜೆ ಅಳಿಯ ನಮ್ಮನ್ನೆಲ್ಲ ಕೊಮೆರಿಕಾ ಪಾರ್ಕ್ ಎಂಬ ದೊಡ್ಡ ಕ್ರೀಡಾಂಗಣಕ್ಕೆ ಬೇಸ್‌ಬಾಲ್ ನೋಡಲು ಕರೆದುಕೊಂಡು ಹೋದ. ಆಟ ತಲೆಗೆ ಹತ್ತಲಿಲ್ಲ. ಕಣ್ಣು ಹೋದದ್ದು ಎದುರಿನ ಫಲಕದ ಮೇಲೆ. ಕೊನೆಯಲ್ಲಿ ಮೂರು ಇಂಗ್ಲಿಷ್ ಅಕ್ಷರಗಳಿದ್ದವು: ಆರ್, ಎಚ್, ಇ. ಆರ್ ಎಂದರೆ ರನ್, ಎಚ್ ಎಂದರೆ ಹಿಟ್. ಇ ಎಂದರೆ? “ಎರರ್ ಮಾವ. ಯಾವ ತಂಡ ಎಷ್ಟು ತಪ್ಪು ಮಾಡಿತು ಎಂಬ ಲೆಕ್ಕ” ಎಂದ ಅಳಿಯ.

ಸಾವಿರಾರು ಜನರ ಎದುರಿಗೆ, ಆಳೆತ್ತರದ ಅಕ್ಷರದಲ್ಲಿ, ತಪ್ಪಿನ ಲೆಕ್ಕ! ನಾನು ಬೆರಗಾಗಿ ಕುಳಿತಿದ್ದಾಗ ಪಕ್ಕದಲ್ಲಿದ್ದ ಹತ್ತು ವರ್ಷದ ಮೊಮ್ಮಗಳು ಮೆಲ್ಲಗೆ ಕೇಳಿದಳು: “ಹಾಗಾದರೆ ನನ್ನದೂ ಎಲ್ಲೋ ಬರೆದಿಟ್ಟಿರುತ್ತಾರಾ ತಾತ?”

ಎರಡು ದಿನದ ಹಿಂದೆ ಶಾಲೆಯ ಪಂದ್ಯದಲ್ಲಿ ಅವಳ ಕಾಲುಗಳ ಸಂದಿಯಿಂದ ಚೆಂಡು ಉರುಳಿ ಹೋಗಿ ಅವಳ ತಂಡ ಸೋತಿತ್ತು. ಅಂದಿನಿಂದ ಅವಳ ಕೈಗವಸು ಮಂಚದ ಕೆಳಗೆ ಸೇರಿತ್ತು. ಇನ್ನು ಆಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಅವಳ ಪ್ರಶ್ನೆಗೆ ಆಗ ನನ್ನಲ್ಲಿ ಉತ್ತರವಿರಲಿಲ್ಲ. ಮರುದಿನವೇ ಊರಿನ ಗ್ರಂಥಾಲಯಕ್ಕೆ ಹೋಗಿ ಬೇಸ್‌ಬಾಲ್ ಇತಿಹಾಸದ ಪುಸ್ತಕಗಳನ್ನು ಹೊತ್ತು ತಂದೆ. ರಾತ್ರಿ ಊಟವಾದ ಮೇಲೆ ಅವಳಿಗೆ ಒಂದೊಂದೇ ಕಥೆ ಹೇಳತೊಡಗಿದೆ. ಅವುಗಳಲ್ಲಿ ನಾಲ್ಕನ್ನು ನಿಮಗೂ ಹೇಳುತ್ತೇನೆ.

ಮೊದಲು ಆಟದ ಪರಿಚಯ

ಮಕ್ಕಳೇ, ನಿಮಗೆ ಕ್ರಿಕೆಟ್ ಗೊತ್ತಿದ್ದರೆ ಬೇಸ್‌ಬಾಲ್ ಕಷ್ಟವಲ್ಲ. ಒಂದು ತಂಡದಲ್ಲಿ 9 ಜನ. ಮೈದಾನದಲ್ಲಿ ವಜ್ರದ ಆಕಾರದಲ್ಲಿ ಕಾಣುವ ಒಂದು ಚೌಕ. ಅದರ ನಾಲ್ಕು ಮೂಲೆಗಳೇ ನಾಲ್ಕು ಬೇಸ್‌ಗಳು. ಒಂದರಿಂದ ಇನ್ನೊಂದಕ್ಕೆ 90 ಅಡಿ. ನಮ್ಮ ಬೌಲರ್ ಇದ್ದ ಹಾಗೆ ಅಲ್ಲಿ ಪಿಚರ್. ಅವನು 60 ಅಡಿ 6 ಅಂಗುಲ ದೂರದಿಂದ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ಬ್ಯಾಟುಗಾರ ಹೊಡೆದು ಮೊದಲ ಬೇಸಿಗೆ ಓಡಬೇಕು. ಅವನಿಗಿಂತ ಮೊದಲು ಚೆಂಡು ಅಲ್ಲಿಗೆ ಬಂದರೆ ಔಟ್. ನಾಲ್ಕೂ ಬೇಸ್ ಸುತ್ತಿ ಬಂದರೆ ಒಂದು ರನ್. ಬೇಲಿಯಾಚೆ ಹೊಡೆದರೆ ಹೋಮ್ ರನ್. ನಮ್ಮ ಸಿಕ್ಸರಿನ ಹಾಗೆಯೇ, ಆದರೆ ಹೊಡೆದ ಮೇಲೂ ನಾಲ್ಕು ಬೇಸ್ ಮುಟ್ಟಿಯೇ ಬರಬೇಕು. ಮೂವರು ಔಟಾದರೆ ಆ ತಂಡದ ಸರದಿ ಮುಗಿಯಿತು. ಹೀಗೆ 9 ಇನ್ನಿಂಗ್ಸ್. ಅಂದರೆ ಒಂದು ತಂಡಕ್ಕೆ ಒಟ್ಟು 27 ಔಟ್.

ಈ ಆಟದ ಲೆಕ್ಕ ಬರೆಯುವ ಕ್ರಮಕ್ಕೆ ರೂಪ ಕೊಟ್ಟವರು ಹೆನ್ರಿ ಚಾಡ್ವಿಕ್. ಇಂಗ್ಲೆಂಡಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದು, ನ್ಯೂಯಾರ್ಕಿನ ಪತ್ರಿಕೆಗಳಿಗೆ ಕ್ರಿಕೆಟ್ ವರದಿ ಬರೆಯುತ್ತಿದ್ದವರು! ಕ್ರಿಕೆಟ್ಟಿನ ಸ್ಕೋರ್ ಪಟ್ಟಿಯ ಅಭ್ಯಾಸವೇ ಅವರನ್ನು ಬೇಸ್‌ಬಾಲ್ ಲೆಕ್ಕಕ್ಕೂ ಹಚ್ಚಿತು. ಮೈದಾನದ ಪ್ರತಿ ಸ್ಥಾನಕ್ಕೂ ಒಂದು ಅಂಕಿ: ಪಿಚರ್ 1, ಮೊದಲ ಬೇಸ್ ಕಾಯುವವನು 3, ಎಡ ಮೈದಾನದವನು 7. ಮೊದಲ ಬೇಸಿನವನು ತಪ್ಪು ಮಾಡಿದರೆ ‘ಇ-3’ ಎಂದು ಬರೆಯುತ್ತಾರೆ. ನೂರು ವರ್ಷ ಕಳೆದ ಮೇಲೂ ಆ ಹಾಳೆ ತೆಗೆದರೆ ಯಾರು ಎಲ್ಲಿ ಎಡವಿದರು ಎಂದು ಓದಬಹುದು.

1947: ಪುಸ್ತಕದಲ್ಲಿ ಸೊನ್ನೆ

1947ರ ಏಪ್ರಿಲ್ 15. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದಲ್ಲಿದ್ದ ಎಬೆಟ್ಸ್ ಫೀಲ್ಡ್ ಮೈದಾನ. ಬ್ರೂಕ್ಲಿನ್ ಡಾಡ್ಜರ್ಸ್ ತಂಡದಲ್ಲಿ 42ನೇ ನಂಬರಿನ ಅಂಗಿ ತೊಟ್ಟು 28 ವರ್ಷದ ಜಾಕಿ ರಾಬಿನ್ಸನ್ ಮೊದಲ ಬೇಸಿನಲ್ಲಿ ನಿಂತರು. ಅವರು ಕಪ್ಪು ವರ್ಣೀಯರು. ಅದಕ್ಕೆ ಮೊದಲು ಅರವತ್ತಕ್ಕೂ ಹೆಚ್ಚು ವರ್ಷ ಅಮೆರಿಕದ ಅತ್ಯುನ್ನತ ಲೀಗುಗಳಲ್ಲಿ ಕಪ್ಪು ಜನರಿಗೆ ಜಾಗವಿರಲಿಲ್ಲ. ಹಾಗೆಂದು ಯಾವ ನಿಯಮ ಪುಸ್ತಕದಲ್ಲೂ ಬರೆದಿರಲಿಲ್ಲ. ತಂಡಗಳ ಯಜಮಾನರು ಬಾಯಿಮಾತಿನಲ್ಲೇ ಮಾಡಿಕೊಂಡಿದ್ದ ಒಪ್ಪಂದ ಅದು. ಎಷ್ಟೇ ಚೆನ್ನಾಗಿ ಆಡಲಿ, ಅವರಿಗೆ ಬೇರೆಯೇ ಲೀಗು, ಬೇರೆಯೇ ಸಂಬಳ.

ಡಾಡ್ಜರ್ಸ್ ತಂಡದ ಆಡಳಿತ ನಡೆಸುತ್ತಿದ್ದ ಬ್ರಾಂಚ್ ರಿಕಿ ಈ ಗೋಡೆ ಒಡೆಯಲು ಹೊರಟರು. 1945ರಲ್ಲಿ ರಾಬಿನ್ಸನ್ ಅವರನ್ನು ಕರೆಸಿ ಮೂರು ಗಂಟೆ ಮಾತನಾಡಿದರು. ಜನ ಬಯ್ಯುತ್ತಾರೆ, ಬೇಕೆಂದೇ ಮೈಮೇಲೆ ಚೆಂಡು ಎಸೆಯುತ್ತಾರೆ, ಆಗ ತಿರುಗಿ ಹೊಡೆಯದೆ ನಿಲ್ಲುವಷ್ಟು ಗುಂಡಿಗೆ ಇದೆಯೇ ಎಂಬುದೇ ಅವರ ಪ್ರಶ್ನೆಯ ತಿರುಳು. ಇದೆ ಎಂದು ಒಪ್ಪಿಕೊಂಡ ರಾಬಿನ್ಸನ್ ಮಾತು ಉಳಿಸಿಕೊಂಡರು. ಎದುರಾಳಿಗಳ ಬೈಗುಳ ಕೇಳಿದರು. ಕೆಲವು ಊರುಗಳಲ್ಲಿ ಜೊತೆ ಆಟಗಾರರು ಇಳಿದುಕೊಂಡ ಹೋಟೆಲಿನಲ್ಲಿ ಅವರಿಗೆ ಕೋಣೆ ಸಿಗುತ್ತಿರಲಿಲ್ಲ.

ಆ ಮೊದಲ ದಿನದ ಸ್ಕೋರ್ ಹಾಳೆ ನೋಡಿದರೆ ಏನಿದೆ? ರಾಬಿನ್ಸನ್ ಅವರ ಹೆಸರಿನ ಮುಂದೆ ಹಿಟ್ ಸೊನ್ನೆ, ರನ್ ಒಂದು. ಆ ಒಂದು ರನ್ ಬಂದದ್ದೂ ಎದುರಾಳಿಯ ತಪ್ಪಿನಿಂದ! ಏಳನೇ ಇನ್ನಿಂಗ್ಸಿನಲ್ಲಿ ಅವರು ಚೆಂಡನ್ನು ಮೆಲ್ಲಗೆ ತಟ್ಟಿ ಓಡಿದಾಗ, ಎದುರಾಳಿ ಅವಸರದಲ್ಲಿ ಎಸೆದ ಚೆಂಡು ಅವರ ಮೈಗೇ ತಾಗಿ ದೂರ ಹೋಯಿತು. ಅವರು ಎರಡನೇ ಬೇಸ್ ಮುಟ್ಟಿದರು. ಮುಂದಿನ ಹೊಡೆತಕ್ಕೆ ಓಡಿ ಬಂದು ತಂಡವನ್ನು ಮುಂದಕ್ಕೆ ಒಯ್ದರು. ಡಾಡ್ಜರ್ಸ್ 5-3ರಿಂದ ಗೆದ್ದಿತು.

ಆ ವರ್ಷ ಅತ್ಯುತ್ತಮ ಹೊಸ ಆಟಗಾರ ಎಂಬ ಪ್ರಶಸ್ತಿ ಅವರಿಗೇ ಬಂತು. 1997ರಲ್ಲಿ ಲೀಗಿನ ಎಲ್ಲ ತಂಡಗಳೂ 42ನೇ ನಂಬರನ್ನು ಇನ್ನಾರಿಗೂ ಕೊಡುವುದಿಲ್ಲವೆಂದು ತೆಗೆದಿಟ್ಟವು. ಈಗ ವರ್ಷಕ್ಕೊಂದು ದಿನ, ಏಪ್ರಿಲ್ 15ರಂದು, ಎಲ್ಲ ಆಟಗಾರರೂ 42ನ್ನೇ ತೊಟ್ಟು ಆಡುತ್ತಾರೆ. ಸೊನ್ನೆ ಹಿಟ್ಟಿನ ಒಂದು ದಿನಕ್ಕೆ ಇಷ್ಟು ದೊಡ್ಡ ಹಬ್ಬ!

1974: ಬೇಲಿ ಹತ್ತಿದವರು

ಬೇಬ್ ರೂತ್ ಎಂಬ ಆಟಗಾರರ ಹೆಸರು ನಮ್ಮ ಹಿರಿಯ ಓದುಗರಿಗೆ ಕೇಳಿದ ನೆನಪಿರಬಹುದು. 1935ರಲ್ಲಿ ಅವರು ಆಟ ಬಿಟ್ಟಾಗ ಅವರ ಲೆಕ್ಕದಲ್ಲಿ 714 ಹೋಮ್ ರನ್ ಇದ್ದವು. ಯಾರೂ ಮುಟ್ಟಲಾರರು ಎಂದೇ ಜನ ನಂಬಿದ್ದರು.

ಆ ಅಂಕಿಯ ಹತ್ತಿರ ಬಂದವರು ಅಲಬಾಮಾ ರಾಜ್ಯದ ಮೊಬೀಲ್ ಊರಿನ ಬಡ ಕುಟುಂಬದಲ್ಲಿ ಹುಟ್ಟಿದ ಹ್ಯಾಂಕ್ ಏರನ್. ಅವರೂ ಕಪ್ಪು ವರ್ಣೀಯರು. ರಾಬಿನ್ಸನ್ ತೆರೆದ ಬಾಗಿಲಿನಿಂದ ಒಳಗೆ ಬಂದವರು. 1973ರ ಋತು ಮುಗಿದಾಗ ಅವರ ಲೆಕ್ಕ 713ಕ್ಕೆ ನಿಂತಿತು. ಇನ್ನೆರಡು ಬೇಕು, ನಡುವೆ ಇಡೀ ಚಳಿಗಾಲ. ಲಕ್ಷಗಟ್ಟಲೆ ಕಾಗದಗಳು ಬಂದವು. ಅವುಗಳಲ್ಲಿ ಎಷ್ಟೋ ಕಾಗದಗಳಲ್ಲಿ ಕೊಲ್ಲುವ ಬೆದರಿಕೆಗಳಿದ್ದವು. ಬಿಳಿಯ ವೀರನ ದಾಖಲೆಯನ್ನು ಕಪ್ಪು ಮನುಷ್ಯ ಮುರಿಯಕೂಡದು ಎಂಬ ವಿಷ. ಅಂಗರಕ್ಷಕರನ್ನು ಇಟ್ಟುಕೊಳ್ಳಬೇಕಾಯಿತು. ವಿಷಯ ಹೊರಗೆ ಬಂದ ಮೇಲೆ, ನಾವಿದ್ದೇವೆ ಎಂದು ಧೈರ್ಯ ಹೇಳುವ ಕಾಗದಗಳೂ ಹೊಳೆಯಂತೆ ಹರಿದು ಬಂದವು. ಏರನ್ ಆ ದ್ವೇಷದ ಕಾಗದಗಳನ್ನು ಸುಡದೆ ಕೊನೆಯವರೆಗೂ ಇಟ್ಟುಕೊಂಡಿದ್ದರು.

1974ರ ಋತುವಿನ ಮೊದಲ ಪಂದ್ಯದಲ್ಲೇ 714 ಆಯಿತು. ಏಪ್ರಿಲ್ 8ರ ರಾತ್ರಿ ಅಟ್ಲಾಂಟಾ ನಗರದಲ್ಲಿ 53 ಸಾವಿರಕ್ಕೂ ಹೆಚ್ಚು ಜನರ ಮುಂದೆ, ನಾಲ್ಕನೇ ಇನ್ನಿಂಗ್ಸಿನಲ್ಲಿ, ಅಲ್ ಡೌನಿಂಗ್ ಎಸೆದ ಚೆಂಡನ್ನು ಏರನ್ ಎಡಗಡೆಗೆ ಎತ್ತಿ ಹೊಡೆದರು. ಎದುರಾಳಿ ತಂಡದ ಎಡ ಮೈದಾನದ ಯುವಕ ಓಡಿ ಬಂದು ಬೇಲಿಯನ್ನೇ ಹತ್ತಿ ಕೈ ಚಾಚಿದರು. ಚೆಂಡು ಸಿಗಲಿಲ್ಲ. 715! ಏರನ್ ಎಂದಿನಂತೆ ತಲೆ ತಗ್ಗಿಸಿ ಬೇಸುಗಳನ್ನು ಸುತ್ತಿ ಬಂದರು. ಅಲ್ಲಿ ಅವರ ತಾಯಿ ಎಸ್ಟೆಲಾ ಮಗನನ್ನು ಬಿಡಲಾರೆನೆಂಬಂತೆ ಬಿಗಿಯಾಗಿ ತಬ್ಬಿಕೊಂಡರು. ಪುಸ್ತಕದಲ್ಲಿ ಬರೆದದ್ದು ಒಂದು ಹೋಮ್ ರನ್. ಆ ಅಪ್ಪುಗೆಗೆ ಕಾಲಂ ಎಲ್ಲಿದೆ?

ಮಕ್ಕಳೇ, ಬೇಲಿ ಹತ್ತಿದ ಆ ಯುವಕನ ಹೆಸರು ನೆನಪಿಡಿ: ಬಿಲ್ ಬಕ್ನರ್. ಮುಂದಿನ ಕಥೆ ಅವರದೇ.

1986: ಇ-3

ಹನ್ನೆರಡು ವರ್ಷ ಕಳೆಯಿತು. ಬಕ್ನರ್ ಈಗ ಬಾಸ್ಟನ್ ರೆಡ್ ಸಾಕ್ಸ್ ತಂಡದ ಮೊದಲ ಬೇಸಿನ ಆಟಗಾರ. ಕಣಕಾಲಿನ ನೋವು ಹಳೆಯದು. ಎತ್ತರದ ಬೂಟು ಕಟ್ಟಿಕೊಂಡು ಕುಂಟುತ್ತಲೇ ಆಡುತ್ತಿದ್ದರು. ರೆಡ್ ಸಾಕ್ಸ್ 1918ರ ಮೇಲೆ ಒಮ್ಮೆಯೂ ವರ್ಲ್ಡ್ ಸೀರೀಸ್ ಗೆದ್ದಿರಲಿಲ್ಲ. ಏಳು ಪಂದ್ಯಗಳಲ್ಲಿ ನಾಲ್ಕನ್ನು ಗೆದ್ದವರಿಗೆ ಆ ಕಿರೀಟ. 1986ರ ಅಕ್ಟೋಬರ್ 25, ಆರನೇ ಪಂದ್ಯ, ನ್ಯೂಯಾರ್ಕ್ ಮೆಟ್ಸ್ ಎದುರು. ಬಾಸ್ಟನ್ ಮೂರು ಗೆದ್ದಾಗಿತ್ತು. ಪಂದ್ಯ ಸಮವಾಗಿ ಹತ್ತನೇ ಇನ್ನಿಂಗ್ಸಿಗೆ ಬೆಳೆದು, ಬಾಸ್ಟನ್ 5-3ರಿಂದ ಮುಂದಿತ್ತು. ನ್ಯೂಯಾರ್ಕಿನ ಇಬ್ಬರು ಔಟ್. ಇನ್ನೊಂದೇ ಔಟ್ ಬೇಕು!

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಸಾಲಾಗಿ ಮೂರು ಹಿಟ್ ಬಿದ್ದು 5-4. ಪಿಚರ್ ಎಸೆದ ಒಂದು ಚೆಂಡು ಕ್ಯಾಚರನ ಕೈ ತಪ್ಪಿ ಹಿಂದೆ ಹೋಗಿ 5-5. ಆಮೇಲೆ ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದ ಮೇಲೆ ಪುಟಿಯುತ್ತಾ ಮೊದಲ ಬೇಸಿನ ಕಡೆಗೆ ಬಂತು. ಬಕ್ನರ್ ಬಗ್ಗಿದರು. ಚೆಂಡು ಅವರ ಕಾಲುಗಳ ಸಂದಿಯಿಂದ ಉರುಳಿ ಹೋಯಿತು. ನ್ಯೂಯಾರ್ಕ್ 6-5ರಿಂದ ಗೆದ್ದಿತು. ಎರಡು ದಿನದ ಮೇಲೆ ಏಳನೇ ಪಂದ್ಯವನ್ನೂ ಗೆದ್ದು ಕಿರೀಟ ಹೊತ್ತುಕೊಂಡು ಹೋಯಿತು.

ಈಗ ಲೆಕ್ಕ ನೋಡಿ. ಬಕ್ನರ್ ತಪ್ಪುವ ಮೊದಲೇ ಪಂದ್ಯ ಸಮವಾಗಿತ್ತು. ಏಳನೇ ಪಂದ್ಯದಲ್ಲೂ ಬಾಸ್ಟನ್ ಮೊದಲು 3-0 ಮುಂದಿದ್ದು ಆಮೇಲೆ ಸೋತಿತು. ಆದರೂ ಇಡೀ ಸೋಲನ್ನು ಜನ ಒಬ್ಬರ ಖಾತೆಗೇ ಖರ್ಚು ಹಾಕಿದರು. 22 ಋತುಗಳಲ್ಲಿ 2,715 ಹಿಟ್ ಹೊಡೆದವರು ಒಂದು ಚೆಂಡಿಗೆ ಗುರುತಾದರು. ಹೋದಲ್ಲೆಲ್ಲ ಅಣಕ. ಕೊನೆಗೆ ಕುಟುಂಬದೊಂದಿಗೆ ದೂರದ ಐಡಹೊ ರಾಜ್ಯಕ್ಕೆ ಹೋಗಿ ನೆಲೆಸಿದರು.

2008ರಲ್ಲಿ ಬಾಸ್ಟನ್ ತಂಡ ತನ್ನ ಊರಿನ ಮೊದಲ ಪಂದ್ಯಕ್ಕೆ ಮೊದಲ ಚೆಂಡು ಎಸೆಯಲು ಅವರನ್ನು ಕರೆಸಿತು. ಎಡ ಮೈದಾನದ ಕಡೆಯಿಂದ ಅವರು ನಡೆದು ಬಂದರು. ಇಡೀ ಫೆನ್ವೇ ಪಾರ್ಕ್ ಎದ್ದು ನಿಂತಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಬಕ್ನರ್ ಕಣ್ಣು ಒರೆಸಿಕೊಂಡು ಚೆಂಡು ಎಸೆದರು. ಅಂದಿನ ತಾರೀಕು ಏಪ್ರಿಲ್ 8. ಏರನ್ ಹೊಡೆದ ಚೆಂಡಿಗಾಗಿ ಅವರು ಬೇಲಿ ಹತ್ತಿದ ರಾತ್ರಿಗೆ ಸರಿಯಾಗಿ 34 ವರ್ಷ.

ಈ ಕಥೆ ಕೇಳಿದ ರಾತ್ರಿ ನನ್ನ ಮೊಮ್ಮಗಳು ಏನೂ ಮಾತನಾಡಲಿಲ್ಲ. “ಅವರ ಕಾಲಿನ ಸಂದಿಯಿಂದಲೂ ಹೋಯಿತಾ?” ಎಂದು ಮಾತ್ರ ಕೇಳಿದಳು.

2010: ತಿದ್ದದ ತಪ್ಪು

ಕೊನೆಯ ಕಥೆ ನಾವು ಕುಳಿತಿದ್ದ ಅದೇ ಕೊಮೆರಿಕಾ ಪಾರ್ಕಿನದು. 2010ರ ಜೂನ್ 2. ಡೆಟ್ರಾಯಿಟ್ ಟೈಗರ್ಸ್ ತಂಡದ ಪಿಚರ್, ವೆನೆಜುವೆಲಾ ದೇಶದ ಅರ್ಮಾಂಡೊ ಗಲರಾಗಾ, ಕ್ಲೀವ್‌ಲೆಂಡ್ ತಂಡದ 26 ಜನರನ್ನು ಸಾಲಾಗಿ ಔಟ್ ಮಾಡಿದ್ದರು. ಒಬ್ಬರೂ ಮೊದಲ ಬೇಸ್ ಮುಟ್ಟಿರಲಿಲ್ಲ. 27ನೆಯವರೂ ಔಟಾದರೆ ಅದು ‘ಪರ್ಫೆಕ್ಟ್ ಗೇಮ್’. ಅಷ್ಟು ವರ್ಷಗಳ ಇತಿಹಾಸದಲ್ಲಿ ಅಲ್ಲಿಯವರೆಗೆ ಅದು ಕೇವಲ 20 ಬಾರಿ ಆಗಿತ್ತು.

27ನೆಯ ಆಟಗಾರ ಜೇಸನ್ ಡೊನಾಲ್ಡ್ ಹೊಡೆದ ಚೆಂಡನ್ನು ಮಿಗೆಲ್ ಕಬ್ರೆರಾ ಹಿಡಿದು ಮೊದಲ ಬೇಸಿಗೆ ಎಸೆದರು. ಗಲರಾಗಾ ತಾವೇ ಓಡಿ ಬಂದು ಚೆಂಡು ಹಿಡಿದು ಬೇಸ್ ಮುಟ್ಟಿದರು. ಓಟಗಾರ ಒಂದು ಹೆಜ್ಜೆ ಹಿಂದೆ. ಆದರೆ ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಅಗಲಿಸಿ ‘ಸೇಫ್’ ಎಂದು ತೋರಿಸಿದರು!

ಕ್ರೀಡಾಂಗಣ ಕೆರಳಿತು. ಜೊತೆ ಆಟಗಾರರು ಅಂಪೈರ್ ಮೇಲೆ ರೇಗಿದರು. ಗಲರಾಗಾ ಮಾತ್ರ ಮುಗುಳ್ನಕ್ಕರು, ಅಷ್ಟೇ. ಮತ್ತೆ ಹೋಗಿ ಮುಂದಿನವರನ್ನು ಔಟ್ ಮಾಡಿ ಪಂದ್ಯ ಮುಗಿಸಿದರು. ಒಟ್ಟು ಎಸೆದದ್ದು 88 ಚೆಂಡು.

ಪಂದ್ಯದ ನಂತರ ಜಾಯ್ಸ್ ದೃಶ್ಯವನ್ನು ಮತ್ತೆ ನೋಡಿದರು. ತಪ್ಪು ಸ್ಪಷ್ಟವಾಗಿತ್ತು. ಅವರು ನೆಪ ಹುಡುಕಲಿಲ್ಲ. ಆ ಹುಡುಗನ ಪರ್ಫೆಕ್ಟ್ ಗೇಮನ್ನು ನಾನೇ ಕಳೆದೆ ಎಂದು ವರದಿಗಾರರ ಮುಂದೆ ಒಪ್ಪಿಕೊಂಡರು. ಗಲರಾಗಾ ಅವರ ಬಳಿ ಅಳುತ್ತಾ ಕ್ಷಮೆ ಕೇಳಿದರು. ಗಲರಾಗಾ ಅವರನ್ನು ಅಪ್ಪಿಕೊಂಡರು. ಯಾರೂ ಪರಿಪೂರ್ಣರಲ್ಲ ಎಂಬ ಅರ್ಥದ ಮಾತು ಹೇಳಿದರು.

ಮರುದಿನವೂ ಅಲ್ಲೇ ಪಂದ್ಯ, ಜಾಯ್ಸ್ ಅವರೇ ಅಂಪೈರ್. ರಜೆ ತೆಗೆದುಕೊಳ್ಳಬಹುದಿತ್ತು, ತೆಗೆದುಕೊಳ್ಳಲಿಲ್ಲ. ಪಂದ್ಯಕ್ಕೆ ಮುಂಚೆ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡುವುದು ಸಾಮಾನ್ಯವಾಗಿ ಮ್ಯಾನೇಜರನ ಕೆಲಸ. ಅಂದು ಅದನ್ನು ಹಿಡಿದುಕೊಂಡು ಬಂದವರು ಗಲರಾಗಾ. ಜಾಯ್ಸ್ ಕಣ್ಣೀರು ಒರೆಸಿಕೊಳ್ಳುತ್ತಾ ಪಟ್ಟಿ ತೆಗೆದುಕೊಂಡರು. ಹಿಂದಿನ ರಾತ್ರಿ ಕೂಗಾಡಿದ್ದ ಊರೇ ಚಪ್ಪಾಳೆ ತಟ್ಟಿತು.

ಲೀಗಿನವರು ಆ ತೀರ್ಪನ್ನು ಬದಲಿಸಲಿಲ್ಲ. ಇಂದಿಗೂ ಪುಸ್ತಕದಲ್ಲಿ ಆ ಪಂದ್ಯಕ್ಕೆ ‘ಒಂದು ಹಿಟ್’ ಎಂದೇ ಇದೆ. ಆದರೆ 2014ರಿಂದ ಇಂಥ ತೀರ್ಪುಗಳನ್ನು ವಿಡಿಯೊ ನೋಡಿ ಸರಿಪಡಿಸುವ ವ್ಯವಸ್ಥೆ ಬಂದಿದೆ.

ನನ್ನ ಲೆಡ್ಜರಿನ ಒಂದು ಪುಟ

ಈ ಕಥೆ ಮುಗಿದಾಗ ಮೊಮ್ಮಗಳು ಕೇಳಿದಳು: “ನೀನು ಯಾವತ್ತಾದರೂ ಎರರ್ ಮಾಡಿದ್ದೀಯಾ ತಾತ?”

ಮಾಡಿದ್ದೆ. ನನ್ನ ಹೆಂಡತಿಗೂ ಹೇಳಿರದ ಸಂಗತಿ ಅದು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಬ್ಬ ಶಾಲಾ ಮೇಷ್ಟ್ರ ಸಂಬಳವನ್ನು ಅದೇ ಹೆಸರಿನ, ಬೇರೆ ಇನಿಶಿಯಲ್ಲಿನ ಇನ್ನೊಬ್ಬರ ಖಾತೆಗೆ ಜಮಾ ಬರೆದುಬಿಟ್ಟೆ. ಮೇಷ್ಟ್ರು ಬಟ್ಟೆ ಅಂಗಡಿಗೆ ಕೊಟ್ಟಿದ್ದ ಚೆಕ್ಕು ಹಣವಿಲ್ಲವೆಂದು ವಾಪಸಾಯಿತು. ಮಗಳ ಮದುವೆಯ ಸೀರೆಗಳ ಚೆಕ್ಕು. ಪೇಟೆಯಲ್ಲಿ ಹತ್ತು ಜನರ ಮುಂದೆ ಅವರು ತಲೆ ತಗ್ಗಿಸಬೇಕಾಯಿತು. ಬ್ಯಾಂಕಿನಲ್ಲಿ ಕೆಂಪು ಶಾಯಿ ಬಿತ್ತು, ಸಹಿ ಬಿತ್ತು, ಲೆಕ್ಕ ಟ್ಯಾಲಿ ಆಯಿತು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ಸಂಜೆ ಅವರ ಮನೆ ಹುಡುಕಿಕೊಂಡು ಹೋಗಿ, ತಪ್ಪು ನನ್ನದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನೆ ನನ್ನನ್ನೇ ನೋಡಿದರು. ಆಮೇಲೆ ಒಳಗೆ ತಿರುಗಿ ಕಾಫಿಗೆ ಹೇಳಿದರು. “ಉತ್ತರ ಪತ್ರಿಕೆಯಲ್ಲಿ ಅಂಕ ಕೂಡಿಸುವಾಗ ನಾನೂ ತಪ್ಪಿದ್ದೇನೆ ಕಣಯ್ಯ. ಆದರೆ ಯಾವ ಹುಡುಗನ ಮನೆಗೂ ಹೋಗಿ ಹೇಳಿರಲಿಲ್ಲ” ಎಂದರು. ಬರುವ ತಿಂಗಳ ಮದುವೆಗೆ ಕರೆದರು. ಹೋಗಿ ಉಂಡು ಬಂದೆ. ಆ ಊಟದ ಲೆಕ್ಕ ಯಾವ ಲೆಡ್ಜರಿನಲ್ಲೂ ಇಲ್ಲ.

ಮೊಮ್ಮಗಳ ಮೊದಲ ಪ್ರಶ್ನೆಗೆ ಅಂದು ಉತ್ತರ ಹೇಳಿದೆ: “ಹೌದು ಮಗು, ಬರೆದಿಡುತ್ತಾರೆ. ನಡೆಯುವವರಲ್ಲದೆ ಕುಳಿತವರು ಎಡವುತ್ತಾರೆಯೇ? ತಪ್ಪಿನ ಕಾಲಂ ಇರುವುದು ಮೈದಾನಕ್ಕೆ ಇಳಿದವರಿಗೆ.”

ಮುಂದಿನ ಶನಿವಾರ ಕೈಗವಸು ಮಂಚದ ಕೆಳಗಿನಿಂದ ಹೊರಬಂತು. ನಾನು ಹೊಸ ಸ್ಕೋರ್ ಪುಸ್ತಕ, ಪೆನ್ಸಿಲ್ ಹಿಡಿದು ಬೇಲಿಯ ಪಕ್ಕ ಕುಳಿತೆ. ಅವಳು ಎರಡನೇ ಬೇಸಿನಲ್ಲಿ ನಿಂತಿದ್ದಳು. ಎರಡು ಚೆಂಡು ಚೆನ್ನಾಗಿ ಹಿಡಿದಳು. ಮೂರನೆಯದು ಕೈ ತಪ್ಪಿತು. ಸರದಿ ಮುಗಿದ ಮೇಲೆ ನನ್ನ ಬಳಿ ಓಡಿ ಬಂದು ಪುಸ್ತಕದಲ್ಲಿ ಇಣುಕಿದಳು.

“ಬರೆದೆಯಾ ತಾತ?”

“ಬರೆದೆ. ಇ-4.”

ಪೆನ್ಸಿಲಿನಲ್ಲಿ ಬರೆದದ್ದು, ರಬ್ಬರೂ ನನ್ನ ಜೇಬಿನಲ್ಲೇ ಇತ್ತು. ಅವಳು ಅಳಿಸು ಎನ್ನಲಿಲ್ಲ. ಬಾಟಲಿಯ ನೀರು ಕುಡಿದು, ಬ್ಯಾಟು ಹಿಡಿದುಕೊಂಡು ಮತ್ತೆ ಮೈದಾನಕ್ಕೆ ಓಡಿದಳು.